ತಂಬ್ರಹಳ್ಳಿಯ ಫೋನಿನಲ್ಲಿ ಬಾಗಳಿಯ ಮಳೆ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಈಗ ಅಲ್ಲಿ ಯಾರೋ ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆ. ಮೊನ್ನೆ ಆ ಕಡೆ ಹೋದಾಗ ಮೆಟ್ಟಿಲು ಹತ್ತಿ ನೋಡಿಬರೋಣವೇ ಅನ್ನಿಸಿತು. ಹುಬ್ಬು ತಿದ್ದಿಸಿಕೊಳ್ಳುವ ನೆಪವೂ ಕೈಯಲ್ಲಿತ್ತು. ಆದರೆ ಹತ್ತಲಿಲ್ಲ. ಕೆಳಗೇ ನಿಂತು ಗೊಬ್ಬರದ ಚೀಲಗಳ ಆ ಹಳೆಯ ವಾಸನೆಯನ್ನು ಒಂದಿಷ್ಟು ಎಳೆದುಕೊಂಡು ವಾಪಸ್ ಬಂದೆ. ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದವಳು ನಾನೇ. ಈಗ ಅದೂ ಬೇಕು ಅನ್ನಿಸುತ್ತದೆ, ಏನು ಮಾಡುವುದು!

ಅಲ್ಲಿ ಕೂತು ನಾವು ಒಂದು ಹವಾಮಾನದ ಆಪ್ ನಡೆಸುತ್ತಿದ್ದೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಗಷ್ಟೇ ಮೀಸಲಾದದ್ದು. ನಾವಿದ್ದದ್ದು ಮೂವರು. ಫೋನಿನ ಪರದೆಯ ಮೇಲೆ ಕಾಣುವುದೆಲ್ಲ ನನ್ನ ಕೆಲಸ. ಸರ್ವರಿನ ಕಡೆಯದು ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹೋದ್ಯೋಗಿಯದು. ನನಗಿಂತ ಸ್ವಲ್ಪ ಚಿಕ್ಕವನು, ನನ್ನನ್ನು ಅಕ್ಕಾ ಅನ್ನುತ್ತಿದ್ದ. ನಮ್ಮಿಬ್ಬರ ಮೇಲೆ ಕೃಷಿ ಇಲಾಖೆಯಿಂದ ನಿವೃತ್ತರಾಗಿದ್ದ ಸರ್. ಕಂಪ್ಯೂಟರ್ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಆದರೆ ಮುಗಿಲಿನಲ್ಲಿ ಮೋಡ ಕಂಡರೆ ಕಿಟಕಿಯ ಹತ್ತಿರ ಹೋಗಿ ನಿಲ್ಲದೆ ಇರಲಾರರು. ಹವಾಮಾನದ ಆಫೀಸಿನಲ್ಲಿ ಹೊರಗೆ ನೋಡಿ ಹವಾಮಾನ ಹೇಳುತ್ತಿದ್ದವರು ಅವರೊಬ್ಬರೇ ಎಂದು ನಾವು ನಗುತ್ತಿದ್ದೆವು.

ಮುನ್ಸೂಚನೆ ನಾವು ಮಾಡುತ್ತಿದ್ದದ್ದಲ್ಲ. ಎಲ್ಲೋ ದೊಡ್ಡ ಕಂಪ್ಯೂಟರುಗಳು ಲೆಕ್ಕ ಹಾಕಿ ಕಳಿಸುತ್ತಿದ್ದವು. ನೆಲವನ್ನೆಲ್ಲ ಚೌಕ ಚೌಕವಾಗಿ ಭಾಗ ಮಾಡಿ, ಒಂದೊಂದು ಚೌಕಕ್ಕೆ ಮಳೆ ಎಷ್ಟು, ಗಾಳಿ ಎಷ್ಟು, ಬಿಸಿಲು ಎಷ್ಟು ಅಂತ ಬರುತ್ತಿತ್ತು. ಯಾವ ಊರು ಯಾವ ಚೌಕದೊಳಗೆ ಬೀಳುತ್ತದೆ ಅಂತ ನೋಡಿ, ಆ ಊರಿನ ಹೆಸರಿನ ಕೆಳಗೆ ಅದನ್ನು ಸರಳವಾಗಿ ತೋರಿಸುವುದು ನಮ್ಮ ಕೆಲಸ. ಆಪ್ ಹಾಕಿಕೊಂಡ ದಿನ ಅದು “ನಿಮ್ಮ ಊರು ಯಾವುದು?” ಎಂದು ಕೇಳುತ್ತಿತ್ತು. ಊರುಗಳ ಹೆಸರುಗಳು ಉದ್ದಕ್ಕೆ ಬರುತ್ತಿದ್ದವು. ಒಂದನ್ನು ಒತ್ತಿದರೆ ಮುಗಿಯಿತು, ಅಂದಿನಿಂದ ಆ ಊರಿನ ಹವಾಮಾನ. ಬೇಕಾದಾಗ ಬದಲಿಸಿಕೊಳ್ಳಬಹುದಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಹೊಸ ಫೋನುಗಳು ಬಂದವು. ಅವುಗಳಲ್ಲಿ ನಮ್ಮ ಆಪ್ ಒತ್ತಿದರೆ ಬಿಳಿ ಪರದೆ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ. ತನ್ನಷ್ಟಕ್ಕೆ ತಾನು ಮುಚ್ಚಿಕೊಂಡುಬಿಡುತ್ತಿತ್ತು. ಹೊಸ ಫೋನಿನವರು ಆಪ್ ಅಂಗಡಿಗೆ ಹೋಗಿ ನಮಗೆ ಒಂದೊಂದು ಚುಕ್ಕಿ ಕೊಟ್ಟು, ಜೊತೆಗೆ ಬೈಗುಳವನ್ನೂ ಬರೆದು ಬರುತ್ತಿದ್ದರು. ಅಪ್‌ಡೇಟ್ ಮಾಡದೆ ಗತಿ ಇರಲಿಲ್ಲ. ಹೇಗಿದ್ದರೂ ಕೈ ಹಾಕುತ್ತೇವಲ್ಲ, ಇರುವ ದೋಷಗಳನ್ನೆಲ್ಲ ಒಂದೇ ಸಲ ತೊಳೆದುಬಿಡೋಣ ಎಂದು ಕೂತೆವು.

ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಗೋಡೆಯ ಪಕ್ಕದ ಉದ್ದ ಮೇಜಿನ ಮೇಲೆ ಪರೀಕ್ಷೆಯ ಫೋನುಗಳನ್ನು ಸಾಲಾಗಿ ಮಲಗಿಸಿದ್ದೆವು. ಒಂದಕ್ಕೆ ಗಾಜು ಒಡೆದಿತ್ತು, ಇನ್ನೊಂದು ಚಾರ್ಜರ್ ತೆಗೆದರೆ ಸಾಯುತ್ತಿತ್ತು, ಮತ್ತೊಂದರ ಬೆನ್ನಿಗೆ ಯಾರೋ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟಿದ್ದರು. ಎಲ್ಲ ಸುತ್ತಲಿನ ಹಳ್ಳಿಗಳವರು ಬಿಟ್ಟುಕೊಟ್ಟ ಹಳೆಯ ಫೋನುಗಳು. ನಾನು ಒಂದು ಸಾಲು ತಿದ್ದುವುದು, ಎಲ್ಲ ಫೋನುಗಳಿಗೂ ಹಾಕುವುದು, ಒಂದೊಂದನ್ನೇ ಒತ್ತಿ ನೋಡುವುದು. ಒಂದರಲ್ಲಿ ಸರಿಯಾದರೆ ಇನ್ನೊಂದರಲ್ಲಿ ಕೆಡುತ್ತಿತ್ತು. ಕರೆಂಟ್ ಹೋದರೆ ಕೆಳಗಿಳಿದು ಮಿರ್ಚಿ ಮಂಡಕ್ಕಿ ತಿನ್ನುವುದು, ಬಂದರೆ ಓಡಿ ಹತ್ತುವುದು. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು ಕೋಡ್ ಬರೆದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ದೋಷಗಳೂ ಒಂದಕ್ಕಿಂತ ಒಂದು ಚೆಂದ. ಕತ್ತಲಾದ ಮೇಲೂ ನಮ್ಮ ಆಪಿನಲ್ಲಿ ಸೂರ್ಯ ನಗುತ್ತ ಕೂತಿರುತ್ತಿದ್ದ. ಮೋಡವಿಲ್ಲ ಅಂದರೆ ಸೂರ್ಯನ ಚಿತ್ರ ಹಾಕು ಅಂತ ನನಗಿಂತ ಮೊದಲು ಈ ಆಪ್ ಬರೆದವರು ರಾತ್ರಿ ಎಂಬುದೊಂದು ಇದೆ ಅಂತ ಮರೆತಿದ್ದರು. ಹಗರಿಬೊಮ್ಮನಹಳ್ಳಿ ಎಂಬ ಹೆಸರು ಸಣ್ಣ ಪರದೆಯಲ್ಲಿ ಹಿಡಿಸದೆ ‘ಹಗರಿಬೊಮ್ಮ’ ಎಂದು ನಿಂತುಹೋಗುತ್ತಿತ್ತು. ಆ ತಾಲ್ಲೂಕಿನವರು ಫೋನ್ ಮಾಡಿ, “ಹಳ್ಳಿ ಎಲ್ಲಿ ಹೋತ್ರಿ ನಮ್ಮದು?” ಎಂದು ಕೇಳುತ್ತಿದ್ದರು. ಅಕ್ಷರ ಸಣ್ಣದು ಮಾಡಿದರೆ ವಯಸ್ಸಾದವರಿಗೆ ಕಾಣದು. ಕೊನೆಗೆ ಹೆಸರನ್ನು ಎರಡು ಸಾಲು ಮಾಡಿ ಕೂರಿಸಿದೆ.

ಅಷ್ಟರಲ್ಲಿ ಸಹೋದ್ಯೋಗಿ ಇನ್ನೊಂದನ್ನು ಹುಡುಕಿ ತಂದ. ಒಪ್ಪಿಗೆ ಕೊಟ್ಟವರ ಫೋನ್ ಎಲ್ಲಿದೆ ಎಂಬುದು ಸರ್ವರ್‌ಗೆ ತಿಳಿಯುತ್ತಿತ್ತು. ಅವರು ಆರಿಸಿಕೊಂಡ ಊರೂ ಅದರಲ್ಲಿತ್ತು. ಎರಡನ್ನೂ ನಕ್ಷೆಯ ಮೇಲೆ ಹಾಕಿದ್ದ.

“ಅಕ್ಕಾ, ಇಲ್ನೋಡು. ಈ ಫೋನು ಇರೋದು ತಂಬ್ರಹಳ್ಳಿಲಿ, ಆರಿಸ್ಕೊಂಡಿರೋ ಊರು ಬಾಗಳಿ. ಪಕ್ಕದ ಫೋನು ನೋಡು, ಅದೂ ತಂಬ್ರಹಳ್ಳಿಲೇ ಐತೆ, ಊರು ಮಾತ್ರ ಹಡಗಲಿ ಕಡೇದು. ಹಿಂಗೆ ರಾಶಿ ಅದಾವೆ.”

“ಒತ್ತುವಾಗ ಬೆರಳು ಜಾರೈತಿ ಬಿಡು,” ಎಂದೆ.

“ಇಷ್ಟು ಜನದ್ದು ಜಾರುತ್ತಾ? ಕಣ್ಮುಚ್ಕಂಡು ಒತ್ತಿದಾರೆ.”

ಸರ್ ಕಿಟಕಿಯಿಂದ ಬಂದು ನೋಡಿದರು. “ಪಾಪ, ಆ ಮಂದಿ ಇಷ್ಟು ದಿನ ಬ್ಯಾರೆ ಊರಿನ ಮಳಿ ನೋಡಿಕೋತ ಕುಂತಾರಲ್ರೀ! ಆರಿಸೋ ಕೆಲಸನ ತೆಗದುಬಿಡ್ರಿ. ಫೋನ್ ಎಲ್ಲಿ ಐತೋ ಆ ಊರು ತಾನ ಹುಡಿಕ್ಕೊಳ್ಳಲಿ.”

ಮೂವರಿಗೂ ಅದು ಸರಿ ಎನ್ನಿಸಿತು. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ. ಫೋನೇ ತನ್ನ ಜಾಗ ಕಂಡುಕೊಂಡು ಹತ್ತಿರದ ಊರನ್ನು ತೋರಿಸುವಂತೆ ಬರೆದೆ. ಹಳೆಯ ಆಯ್ಕೆ ಅಡ್ಡ ಬರಬಾರದೆಂದು, ಅಪ್‌ಡೇಟ್ ಆದ ಕೂಡಲೇ ಅದು ಅಳಿಸಿಹೋಗುವಂತೆಯೂ ಮಾಡಿದೆ. ಆಪ್ ಅಂಗಡಿಯವರು ಪರಿಶೀಲಿಸಿ ಬಿಟ್ಟರು. ಹೊಸ ಫೋನುಗಳಲ್ಲಿ ಆಪ್ ಟಪ್ಪಂತ ತೆರೆಯತೊಡಗಿತು. ಹಡಗಲಿಯಿಂದ ಮಲ್ಲಿಗೆ ಬೆಳೆಯುವವರೊಬ್ಬರು ಫೋನ್ ಮಾಡಿ, “ಈಗ ರಾತ್ರಿ ಹೊತ್ತಿಗೆ ಚಂದ್ರ ಬರ್ತಾನ್ರಿ, ಭಾಳ ಚಂದ ಕಾಣ್ತಾನ,” ಎಂದರು. ಅವತ್ತು ಸರ್ ತಮ್ಮ ಖರ್ಚಿನಲ್ಲಿ ಮಂಡಕ್ಕಿ ಕೊಡಿಸಿದರು.

ಅವು ಚಿತ್ತಿ ಮಳೆಯ ದಿನಗಳು. ಮೆಕ್ಕೆಜೋಳ ಮುರಿಯುವ ಕಾಲ. ಅಪ್‌ಡೇಟ್ ಬಿಟ್ಟ ವಾರದಲ್ಲೇ ಆಫೀಸಿನ ಫೋನ್ ಬಡಿದುಕೊಂಡಿತು. ಹೆಂಗಸಿನ ದನಿ.

“ನಿಮ್ಮ ಆಪ್ ಕೆಟ್ಟೈತ್ರಿ.”

“ಏನಾಗೈತ್ರಿ ಅಕ್ಕಾ? ತೆರಿಯಾಕತ್ತಿಲ್ಲೇನು?”

“ತೆರಿತೈತಿ. ತೆರದ್ರ ತಂಬ್ರಹಳ್ಳಿ ತೋರಸ್ತೈತಿ.”

“ನೀವು ಎಲ್ಲಿಂದ ಮಾತಾಡಾಕತ್ತೀರಿ?”

“ತಂಬ್ರಹಳ್ಳಿಯಿಂದ.”

“ಮತ್ತ ಸರಿ ಐತಲ್ಲ ಅಕ್ಕಾ!”

“ಏನು ಸರಿ ಐತಿ? ತಂಬ್ರಹಳ್ಳಿ ತಗೊಂಡು ನಾ ಏನ್ ಮಾಡ್ಲಿ? ತಂಬ್ರಹಳ್ಳ್ಯಾಗ ನಾನ ಅದೀನಿ! ತಲಿ ಎತ್ತಿದ್ರ ಮುಗಿಲು ಕಾಣತೈತಿ. ನನಗ ಬಾಗಳಿ ಬೇಕು.”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. “ಅಕ್ಕಾ, ನಿಮ್ಮ ಫೋನ್ ಎಲ್ಲಿ ಐತೋ ಅಲ್ಲಿಂದು ತೋರಸ್ತೈತಿ, ಅದು ಸರಿನ ಐತಿ,” ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಆಕೆ ಏನೋ ಗೊಣಗಿ ಫೋನ್ ಇಟ್ಟರು. ಸಹೋದ್ಯೋಗಿಗೆ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ತಮ್ಮ ಊರಿನ ಹವಾಮಾನ ಬೇಡ ಅನ್ನುವವರನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅದೇ ಹೆಂಗಸು ಮತ್ತೆ ಫೋನ್ ಮಾಡಿದರು. ಈ ಸಲ ದನಿಯಲ್ಲಿ ಜಗಳ ಇರಲಿಲ್ಲ.

“ಮೇಡಮ್ಮರ, ಅವತ್ತು ಮಾಡಿದ್ದೆನಲ್ಲ, ತಂಬ್ರಹಳ್ಳಿಯಾಕಿ. ಬಾಗಳಿ ಕಡಿ ನಿನ್ನಿ ಸಂಜಿಮುಂದ ಮಳಿ ಹೊಡದೈತಿ. ನಮ್ಮ ಮನಿಯವ್ರು, ಮೈದುನ ಕುರಿ ಜೋಡಿ ಅಲ್ಲೇ ಅದಾರ. ನಮ್ಮವು ಎರಡು ಮರಿ ಸತ್ತುವ್ರಿ. ಹುಟ್ಟಿ ವಾರ ಆಗಿದ್ದಿಲ್ಲ. ಮೊದ್ಲಿನ ಆಪ್ ಇದ್ದಿದ್ರ ಮಧ್ಯಾಹ್ನನ ನನಗ ಗೊತ್ತಾಕ್ಕಿತ್ತು, ನಾ ಅವ್ರಿಗೆ ಹೇಳ್ತಿದ್ದೆ. ನಿನ್ನಿ ನನ್ನ ಫೋನಿನ್ಯಾಗ ಬಿಸಿಲು ಇತ್ತು.”

ಆಗ ಅರ್ಥವಾಯಿತು ನನಗೆ. ಗಂಡ, ಮೈದುನ ಕುರಿ ಹೊಡೆದುಕೊಂಡು ಬಾಗಳಿಯ ಕಡೆ ಹೋಗಿದ್ದಾರೆ. ಹೆಂಡತಿ ಮನೆಯಲ್ಲಿ ಕೂತು ಅವರಿರುವ ಕಡೆಯ ಮಳೆ ನೋಡುತ್ತಾರೆ. ಬೆರಳು ಯಾರದ್ದೂ ಜಾರಿರಲಿಲ್ಲ. ನಾವು ಮೂವರು ಕೂಡಿ ‘ತಪ್ಪು’ ಅಂತ ಅಳಿಸಿಹಾಕಿದ ಊರುಗಳೆಲ್ಲ ಅವರವರ ಕುರಿಗಳಿರುವ ಊರುಗಳು. ಸಹೋದ್ಯೋಗಿಗೆ ಎಲ್ಲ ಹೇಳಿದೆ. “ಬೈಕ್ ಕೀ ತಗೋ, ನಡಿ,” ಎಂದೆ.

ಅವತ್ತು ಹರಪನಹಳ್ಳಿಯಿಂದ ಅವನು ಬಸ್ಸು ಬಿಟ್ಟು ಬೈಕಿನಲ್ಲಿ ಬಂದದ್ದು ನಮ್ಮ ಪುಣ್ಯ. ಹಗರಿಬೊಮ್ಮನಹಳ್ಳಿ ಹಾದು ತಂಬ್ರಹಳ್ಳಿ ಮುಟ್ಟಿ, ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿದೆವು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರಿರಬೇಕು. ಬೈಯುತ್ತಾರೆ ಅಂದುಕೊಂಡಿದ್ದೆ. “ಅಷ್ಟು ದೂರದಿಂದ ಬಂದೀರಿ, ಒಳಗ ಬರ್ರಿ,” ಎಂದು ನೀರು ಕೊಟ್ಟರು. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಫೋನ್ ಕೈಗೆ ಕೊಟ್ಟರು. ಅದರ ಬೆನ್ನಿಗೆ ಭಂಡಾರದ ಹಳದಿ ಹತ್ತಿಕೊಂಡಿತ್ತು. ತಂದ ದಿನ ದೇವರ ಮುಂದಿಟ್ಟು ಹಚ್ಚಿದ್ದಂತೆ. ಆಮೇಲೆ ತಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರು.

“ನಮ್ಮ ಮನಿಯವ್ರ ಕಡಿ ಇರೋದು ಸಣ್ಣ ಬಟನ್ ಫೋನ್ರಿ. ಕುರಿ ಹಿಂದ ಇಂಥ ದೊಡ್ಡ ಫೋನ್ ಒಯ್ದು ಎಲ್ಲಿ ಚಾರ್ಜ್ ಮಾಡ್ತಾರ? ಹೊಲದಾಗ ಕರೆಂಟ್ ಇರಂಗಿಲ್ಲ. ಅದಕ್ಕ ನಾ ಇಲ್ಲಿ ನೋಡಿ, ಊಟದ ಹೊತ್ತಿಗೆ ಒಮ್ಮೆ ಫೋನ್ ಹಚ್ಚಿ ಹೇಳತೀನಿ. ಮಳಿ ಐತಿ ಅಂದ್ರ ನೀರು ನಿಲ್ಲೋ ಎರಿ ಹೊಲ ಬಿಟ್ಟು ದಿಬ್ಬದ ಮ್ಯಾಲೆ ಏರಸ್ತಾರ, ಮರಿಗೆ ತಾಡಪಾಲು ಕಟ್ಟತಾರ. ಈಗ ಮರಿ ಹಾಕೋ ಹೊತ್ತು. ದೊಡ್ಡ ಕುರಿ ತೊಯ್ದ್ರ ಏನಾಗಂಗಿಲ್ಲ. ಹಸಿ ಮರಿ ಥಂಡಿಗೆ ಕೊರಡಾಗಿ ಹೋಗತೈತಿ.”

“ಊರು ಬದಲಾದ್ರ?”

“ಅವ್ರು ಕುರಿ ಹಟ್ಟಿ ಕಿತ್ತ ದಿನ ನಾನೂ ಇಲ್ಲಿ ಫೋನಿನ್ಯಾಗ ಊರು ಕೀಳತಿದ್ದೆ.”

ನಾವು ಬಂದದ್ದು ಕೇಳಿ ಓಣಿಯ ಬೇರೆ ಹೆಂಗಸರೂ ಬಂದು ಕಟ್ಟೆಯ ಮೇಲೆ ಕೂತರು. ಒಬ್ಬರ ಮನೆಯವರು ಹಡಗಲಿ ಕಡೆ ಹೊಳೆಯ ದಂಡೆಯಲ್ಲಿ. ಇನ್ನೊಬ್ಬರ ಮಗ ಕೂಡ್ಲಿಗಿ ಆಚೆ. ಮತ್ತೊಬ್ಬರ ಅಣ್ಣತಮ್ಮಂದಿರು ಕೊಟ್ಟೂರಿನ ಹತ್ತಿರವೇ. ಅಪ್‌ಡೇಟ್ ಆಗುವ ಮೊದಲು ಸಂಜೆಮುಂದೆ ಹೀಗೆ ಕಟ್ಟೆಗೆ ಕೂತು ಒಬ್ಬೊಬ್ಬರು ಒಂದೊಂದು ಊರಿನ ಮಳೆ ಹೇಳಿಕೊಳ್ಳುತ್ತಿದ್ದರಂತೆ. ಐದು ತಾಲ್ಲೂಕುಗಳ ಹವಾಮಾನ ಆ ಒಂದು ಓಣಿಯಲ್ಲಿತ್ತು. ಈಗ ಎಲ್ಲರ ಫೋನಿನಲ್ಲೂ ಒಂದೇ ಊರು, ತಂಬ್ರಹಳ್ಳಿ.

ನನಗೆ ನಮ್ಮವ್ವ ನೆನಪಾದಳು. ನಾನು ಕೂಡ್ಲಿಗಿಯ ಹಾಸ್ಟೆಲಿನಲ್ಲಿ ಓದುವಾಗ ಅವ್ವ ಕೊಟ್ಟೂರಿನ ಬಸ್‌ಸ್ಟ್ಯಾಂಡಿಗೆ ಹೋಗಿ, ಆ ಕಡೆಯ ಬಸ್ಸಿನಿಂದ ಇಳಿದವರನ್ನು ಹಿಡಿದು, “ಕೂಡ್ಲಿಗ್ಯಾಗ ಮಳಿ ಐತೇನ್ರಿ?” ಎಂದು ಕೇಳುತ್ತಿದ್ದಳಂತೆ. ಗುರುತಿಲ್ಲದವರನ್ನೂ ಕೇಳುತ್ತಿದ್ದಳು. ಆಗ ನನಗೆ ನಾಚಿಕೆಯಾಗುತ್ತಿತ್ತು. ಅಲ್ಲಾ, ಮಳೆ ಇದ್ದರೆ ಆಕೆ ಏನು ಮಾಡುತ್ತಿದ್ದಳು? ಕೊಡೆ ಹಿಡಿದು ಕೂಡ್ಲಿಗಿಗೆ ಬರುತ್ತಿದ್ದಳೇ? ಏನೂ ಮಾಡುತ್ತಿರಲಿಲ್ಲ, ತಿಳಿದುಕೊಂಡರೆ ಸಾಕಿತ್ತು ಆಕೆಗೆ. ಆ ಕಟ್ಟೆಯ ಮೇಲೆ ಕೂತಾಗ ಇದೆಲ್ಲ ನೆನಪಾಯಿತು. ಅವರು ಕೊಟ್ಟ ಚಹಾ ಕುಡಿದು ಎದ್ದೆ.

ವಾಪಸ್ ಬಂದು ಸರ್‌ಗೆ ಎಲ್ಲ ಹೇಳಿದೆವು. ಅವರು ಹಳೆಯ ಆಪನ್ನೇ ಮತ್ತೆ ಬಿಡಬಹುದೇ ಅಂತ ಕೇಳಿದರು. ಆಗದು, ಅದು ಹೊಸ ಫೋನುಗಳಲ್ಲಿ ತೆರೆಯದು ಎಂದೆ. ಅಳಿಸಿದ ಊರುಗಳನ್ನು ವಾಪಸ್ ತರಬಹುದೇ? ಅವು ಫೋನಿನಿಂದಲೂ ಹೋಗಿದ್ದವು, ಸರ್ವರಿನಿಂದಲೂ ಹೋಗಿದ್ದವು. ಇದ್ದಿದ್ದರೂ ಅಷ್ಟರಲ್ಲಿ ಎಷ್ಟೋ ಹಿಂಡು ಊರು ಬದಲಿಸಿರುತ್ತಿದ್ದವು. ಉಳಿದದ್ದು ಒಂದೇ ದಾರಿ, ಪರದೆಯ ಮೇಲೆ ಎರಡು ಊರು. ಮೇಲೆ ಫೋನ್ ಇರುವ ಊರು, ಕೆಳಗೆ ಅವರೇ ಆರಿಸಿದ ಊರು.

“ಮುಂದಿನ ಅಪ್‌ಡೇಟಿನಾಗ ಸೇರಿಸೋಣ್ರಿ,” ಎಂದರು ಸರ್. “ಗಾಳಿ, ಆರ್ದ್ರತೆ ಅದೆಲ್ಲ ಹ್ಯಾಂಗೂ ಬರೋದೈತಿ. ಪದೇ ಪದೇ ಅಪ್‌ಡೇಟ್ ಬಿಟ್ರ ಜನ ಬ್ಯಾಸರ ಮಾಡ್ಕೊತಾರ.”

“ಸರ್, ನಿಮ್ಮ ಮುಂದಿನ ಅಪ್‌ಡೇಟ್ ಬರೋ ತನಕ ಕುರಿ ಮರಿ ಹಾಕೋದು ನಿಲ್ಲಸ್ತಾವೇನ್ರಿ?”

ಹೇಳಿದ ಮೇಲೆ ಜೋರಾಯಿತೇನೋ ಅನ್ನಿಸಿತು. ಸರ್ ನನ್ನನ್ನೇ ನೋಡಿದರು, ಆಮೇಲೆ ನಕ್ಕುಬಿಟ್ಟರು. “ಇಲ್ಲ ಬಿಡವ್ವಾ, ನಿಲ್ಲಸಂಗಿಲ್ಲ. ಇದೊಂದನ್ನ ಮೊದಲು ಮಾಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ.”

ಮುಟ್ಟಲಿಲ್ಲ. ಆದರೂ ಅದು ಸುಲಭಕ್ಕೆ ಒಲಿಯಲಿಲ್ಲ. ಎರಡನೆಯ ಊರಾಗಿ ಬಾಗಳಿ ಆರಿಸಿದರೆ ಬರುತ್ತಿತ್ತು, ಆಪ್ ಮುಚ್ಚಿ ತೆರೆದರೆ ಎರಡೂ ಕಡೆ ಕೊಟ್ಟೂರು. ಮತ್ತೆ ಆರಿಸಿದರೆ ಬಾಗಳಿ, ಮತ್ತೆ ತೆರೆದರೆ ಕೊಟ್ಟೂರು. ತಲೆ ಕೆಟ್ಟುಹೋಯಿತು. ಹುಡುಕಿ ಹುಡುಕಿ ಸಾಕಾದ ಮೇಲೆ ತಿಳಿದದ್ದು ಇಷ್ಟೇ: ಮೊದಲು ಬರೆದವರು ಫೋನಿನೊಳಗೆ ಊರು ಇಡಲು ಒಂದೇ ಗೂಡು ಮಾಡಿದ್ದರು. ಎರಡನೆಯ ಊರನ್ನೂ ನಾನು ಅದರೊಳಗೇ ತುರುಕುತ್ತಿದ್ದೆ. ಫೋನ್ ತನ್ನ ಜಾಗ ಕಂಡುಕೊಂಡ ಕೂಡಲೇ ಅದನ್ನು ತಳ್ಳಿ ತಾನು ಕೂರುತ್ತಿತ್ತು. ಎರಡಕ್ಕೂ ಬೇರೆ ಬೇರೆ ಗೂಡು ಮಾಡಿದೆ. ಮೇಜಿನ ಮೇಲಿನ ಎಲ್ಲ ಫೋನುಗಳಲ್ಲಿ ಮುಚ್ಚಿ ತೆರೆದು, ಆರಿಸಿ ಅಳಿಸಿ, ಕೊನೆಗೆ ಚಾರ್ಜರ್ ಕಿತ್ತು ಸಾಯಿಸಿ ಎಬ್ಬಿಸಿ ನೋಡಿದೆ. ಬಾಗಳಿ ಅಲ್ಲಾಡಲಿಲ್ಲ.

ಆ ಎರಡನೆಯ ಊರಿಗೆ ಹೆಸರೇನು? ಸಹೋದ್ಯೋಗಿ ‘ಹೆಚ್ಚುವರಿ ಸ್ಥಳ’ ಅಂದ. ಸರ್ ‘ಇತರೆ ಗ್ರಾಮ’ ಅಂದರು, ಇಲಾಖೆಯ ಅಭ್ಯಾಸ. ನನಗೆ ಎರಡೂ ಹಿಡಿಸಲಿಲ್ಲ. ತಂಬ್ರಹಳ್ಳಿಯ ಅಕ್ಕನಿಗೇ ಫೋನ್ ಮಾಡಿ ಕೇಳಿದೆ.

“ಅದಕ್ಕೇನ್ರಿ ಹೆಸರು ಹುಡಕಾಡೋದು? ನಮ್ಮವ್ರು ಇರೋ ಊರು, ಅಷ್ಟ.”

‘ನಮ್ಮವರಿರುವ ಊರು’ ಎಂದು ಬರೆದೆ. ಸರ್ ಓದಿ ನೋಡಿ ತಲೆಯಾಡಿಸಿದರು.

ಆಪ್ ಅಂಗಡಿಗೆ ಕಳಿಸಿದೆವು. ಅವರ ಪರಿಶೀಲನೆ ಯಾವಾಗ ಮುಗಿಯುತ್ತದೋ ಅವರಿಗೇ ಗೊತ್ತು. ಒಮ್ಮೊಮ್ಮೆ ಬೇಗ, ಒಮ್ಮೊಮ್ಮೆ ದಿನಗಟ್ಟಲೆ. ಅಲ್ಲಿಯವರೆಗೆ ಆ ಓಣಿಗೆ ನಾನೇ ಆಪ್ ಆಗುವುದು ಎಂದು ತೀರ್ಮಾನ ಮಾಡಿದೆ. ದಿನಾ ಆಫೀಸಿಗೆ ಹೋದ ತಕ್ಷಣ ಸರ್ವರಿನಲ್ಲಿ ಬಾಗಳಿಯ ಚೌಕ ತೆರೆದು ನೋಡಿ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಓಣಿಯ ಉಳಿದವರ ಊರುಗಳನ್ನೂ ಹೇಳುತ್ತಿದ್ದೆ, ಅವರು ಕಟ್ಟೆಯ ಮೇಲೆ ಹಂಚುತ್ತಿದ್ದರು. ಹವಾಮಾನ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ನನ್ನ ಊಟ ಏನು, ಆಫೀಸಿನಲ್ಲಿ ಹೆಂಗಸರು ಇನ್ಯಾರಿದ್ದಾರೆ, ಸಂಜೆ ಮನೆಗೆ ಹೇಗೆ ಹೋಗುತ್ತೀಯ ಎಂದೆಲ್ಲ ಕೇಳುತ್ತಿದ್ದರು. ನಡೆದುಕೊಂಡೇ ಹೋಗುತ್ತೇನೆ ಎಂದೆ. ‘ಮೇಡಮ್ಮರ’ ಎನ್ನುವುದು ಯಾವಾಗಲೋ ‘ತಂಗಿ’ ಆಯಿತು.

ಒಂದು ಮಧ್ಯಾಹ್ನ ಸರ್ವರ್‌ಗೆ ಹೊಸ ಲೆಕ್ಕ ಬಂತು. ಬೆಳಗ್ಗೆ ಬಾಗಳಿಗೆ ಏನೂ ಇಲ್ಲ ಎಂದಿದ್ದ ಚೌಕ ಈಗ ಗಾಢ ನೀಲಿಯಾಗಿತ್ತು. ಸಂಜೆಗೆ ಜೋರು ಮಳೆ, ಗಾಳಿ. ಬೆಳಗ್ಗೆ ನಾನೇ “ಇವತ್ತು ಆರಾಮ ಅಕ್ಕಾ, ಏನೂ ಇಲ್ಲ” ಎಂದು ಹೇಳಿದ್ದೆ. ಕೂಡಲೇ ಫೋನ್ ಹಚ್ಚಿದೆ.

“ಅಕ್ಕಾ, ಬಾಗಳಿಗೆ ಮಳಿ ಬರಾಕತ್ತೈತಿ. ಜೋರೈತಿ. ಈಗ ಹೇಳ್ರಿ ಅವ್ರಿಗೆ.”

ಆಕೆ ಫೋನ್ ಇಟ್ಟು, ಸ್ವಲ್ಪ ಹೊತ್ತಿಗೆ ತಾವೇ ಮಾಡಿದರು. “ಅವ್ರ ಫೋನ್ ಸ್ವಿಚ್ ಆಫ್ ಬರಾಕತ್ತೈತಿ ತಂಗಿ. ಚಾರ್ಜ್ ಹೋಗೈತಿ ಕಾಣ್ತೈತಿ. ನಿನ್ನಿ ಮತ್ತ ನಾಕು ಕುರಿ ಮರಿ ಹಾಕ್ಯಾವಂತ. ಏನ್ ಮಾಡ್ಲಿ ನಾ?”

“ಯಾರ ಹೊಲದಾಗ ಇಳಿಸ್ಯಾರ?”

ಕುರಿ ಹಿಂಡು ಗೊಬ್ಬರಕ್ಕೆಂದು ರಾತ್ರಿ ಯಾರದಾದರೂ ಹೊಲದಲ್ಲಿ ಮಲಗುತ್ತದೆ. ಆ ಹೊಲದವರ ನಂಬರ್ ಅಕ್ಕನ ಬಳಿ ಇರಲಿಲ್ಲ. ಊರ ಹೊರಗೆ ಕೆರೆ ಕಡೆ, ಮೆಕ್ಕೆಜೋಳ ಮುರಿದ ಹೊಲ, ಬದುವಿಗೆ ದೊಡ್ಡ ಬೇವಿನ ಗಿಡ ಇದೆ ಅಂತ ಗಂಡ ಹೇಳಿದ್ದು ಅಷ್ಟೇ ಗೊತ್ತು. ಸಹೋದ್ಯೋಗಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. “ಬಾಗಳಿಲಿ ನಮ್ಮ ಸೋದರತ್ತೆ ಮಗ ಹಿಟ್ಟಿನ ಗಿರಣಿ ಇಟ್ಕೊಂಡವ್ನೆ. ತಡಿ,” ಎಂದು ತನ್ನ ಫೋನ್ ತೆಗೆದ.

“ಲೇ, ಗಿರಣಿ ನಿಲ್ಸು... ನಿಲ್ಸೋ ಮೊದ್ಲು! ಕೆರೆ ಕಡೆ ಹೊಲದಾಗೆ ತಂಬ್ರಹಳ್ಳಿ ಕುರಿ ಇಳ್ದಾವೆ. ಬದಿನಾಗೆ ಬೇವಿನ ಮರ ಐತಂತೆ. ಹೋಗಿ ಮಳೆ ಬತ್ತೈತೆ ಅಂತ ಹೇಳು. ಹ್ಞೂಂ, ಈಗ್ಲೇ! ನಿನ್ ಹಿಟ್ಟು ಎಲ್ಲಿಗೂ ಓಡೋಗಲ್ಲ.”

ಆಮೇಲೆ ಕಾಯುವುದು. ನಮ್ಮ ಕೈಯಲ್ಲಿ ಇನ್ನೇನೂ ಇರಲಿಲ್ಲ. ಸರ್ ಕಿಟಕಿಯ ಹತ್ತಿರ ನಿಂತೇ ಇದ್ದರು. ಕೊಟ್ಟೂರಿನಲ್ಲಿ ಹೊಳೆಯುವ ಬಿಸಿಲು. ಅಕ್ಕ ನಡುನಡುವೆ ಫೋನ್ ಮಾಡಿ, “ಏನಾರ ಗೊತ್ತಾತೇನು ತಂಗಿ?” ಎಂದು ಕೇಳುವರು, ನಾನು “ಇನ್ನೂ ಇಲ್ಲಕ್ಕಾ” ಎನ್ನುವೆ. ದೇವರೆದುರು ಕೂತೇ ಮಾತಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಸಂಜೆಗೆ ಗಿರಣಿಯವನ ಫೋನ್ ಬಂತು. ಹಿನ್ನೆಲೆಯಲ್ಲಿ ಮಳೆ ತಗಡಿನ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಎರಡು ಬೇವಿನ ಗಿಡದ ಹೊಲ ಅಲೆದು ಮೂರನೆಯದರಲ್ಲಿ ಸಿಕ್ಕರಂತೆ. ಹೊಲದವರು ತಮ್ಮ ಪಂಪಿನ ಮನೆಯ ಬೀಗ ತೆಗೆದುಕೊಟ್ಟರಂತೆ. ಮರಿಗಳನ್ನೆಲ್ಲ ಕಂಬಳಿಯಲ್ಲಿ ಹೊತ್ತು ಒಳಗೆ ಹಾಕಿ, ಕುರಿಗಳನ್ನು ದಿಬ್ಬಕ್ಕೆ ಏರಿಸುವಷ್ಟರಲ್ಲಿ ಹನಿ ಬಿತ್ತಂತೆ. “ಒಂದೂ ಹೋಗಿಲ್ಲ. ಎಲ್ಲ ಅದಾವೆ. ನಾನೇ ತೊಯ್ದು ತೊಪ್ಪೆ ಆಗೀನಿ,” ಎಂದು ಕೂಗಿದ. ನಾನು ಅಕ್ಕನಿಗೆ ಹೇಳಲು ಬಾಯಿ ತೆರೆದರೆ ಅಳು ಬಂತು. ಅಕ್ಕ ಗಾಬರಿಯಾಗಿ, “ಎಷ್ಟು ಹೋದುವು?” ಎಂದರು. ಸಹೋದ್ಯೋಗಿ ಫೋನ್ ಕಸಿದುಕೊಂಡು, “ಎಲ್ಲ ಚೆನ್ನಾಗದಾವೆ ಅಕ್ಕಾ, ಇವ್ಳು ಸುಮ್ನೆ ಅಳ್ತಾಳೆ,” ಎಂದ. ಸರ್ ಕಿಟಕಿಯಿಂದ ಈ ಕಡೆ ತಿರುಗಿ ನೋಡಲೇ ಇಲ್ಲ, ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕೆಲ ದಿನಗಳಲ್ಲಿ ಆಪ್ ಅಂಗಡಿಯವರ ಒಪ್ಪಿಗೆ ಬಂತು. ಓಣಿಯವರೆಲ್ಲ ಅಪ್‌ಡೇಟ್ ಮಾಡಿಕೊಂಡು ತಂತಮ್ಮ ಊರು ಹಾಕಿಕೊಂಡರು. ಎರಡು ಊರೂ ಸರಿಯಾಗಿ ನಿಂತವು. ನಾನು ದಿನಾ ಫೋನ್ ಮಾಡುವ ಅಗತ್ಯ ಉಳಿಯಲಿಲ್ಲ. ಮೊದಲ ಒಂದೆರಡು ದಿನ ಬೆಳಗ್ಗೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಆಮೇಲೆ ಗಾಳಿ, ಆರ್ದ್ರತೆಯ ಕೆಲಸ ಶುರುವಾಯಿತು, ಅದರೊಳಗೆ ಮುಳುಗಿದೆ. ಚಳಿಗಾಲ ಹೋಯಿತು, ಬೇಸಿಗೆ ಬಂತು.

ಒಂದು ದಿನ ಮಧ್ಯಾಹ್ನ ತಂಬ್ರಹಳ್ಳಿಯ ನಂಬರ್ ಬಂತು. ಮತ್ತೇನು ಕೆಟ್ಟಿತಪ್ಪಾ ಎಂದುಕೊಂಡೇ ಎತ್ತಿದೆ.

“ಏನಕ್ಕಾ, ಆಪ್ ಮತ್ತ ಕೈ ಕೊಟ್ಟೈತೇನು?”

“ಆಪ್ ಗಟ್ಟಿ ಐತಿ. ನಮ್ಮ ಮನಿಯವ್ರು ಕುರಿ ಹೊಡಕೊಂಡು ಊರಿಗೆ ಬಂದಾರ. ಇಲ್ಲೇ ಅದಾರ.”

“ಹೌದಾ! ಚಲೋ ಆತಲ್ಲ. ಮತ್ತ ಫೋನ್ ಯಾಕ್ ಮಾಡಿದ್ರಿ?”

“ಅವ್ರು ಬಂದ್ರಲ್ಲ, ಆ ನಮ್ಮವ್ರು ಇರೋ ಊರು ಖಾಲಿ ಇತ್ತು. ಖಾಲಿ ಯಾಕ ಬಿಡಬೇಕು ಅಂತ ಕೊಟ್ಟೂರು ಹಾಕೀನಿ. ಇವತ್ತು ಸಂಜಿಮುಂದ ಗಾಳಿ ಮಳಿ ಐತಿ ಅಂತ ತೋರಸಾಕತ್ತೈತಿ ನೋಡು. ನಡಕೊಂಡು ಹೋಗಾಕಿ ನೀನು. ಆ ಕಂಪ್ಯೂಟರ್ ಬಂದ್ ಮಾಡು, ಲಗೂನ ಮನಿಗೆ ಹೋಗು.”

ಕೆಡಿಸಿದ್ದು ನಾನು, ತಿದ್ದಿದ್ದು ನಾನು, ಒಂದೊಂದು ಅಕ್ಷರ ಕೂರಿಸಿದ್ದು ನಾನು. ಅದರಲ್ಲಿ ನನ್ನ ಊರಿನ ಮಳೆ ನೋಡಿ ನನಗೆ ಫೋನ್ ಮಾಡುವವರು ಒಬ್ಬರು ಇರುತ್ತಾರೆಂದು ಹೊಳೆದಿರಲೇ ಇಲ್ಲ. “ಹೂಂ ಅಕ್ಕಾ, ಹೊಂಟೆ,” ಎಂದೆ. ಸರ್‌ಗೆ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಮೊದಲ ಹನಿಗಳು ಬಿದ್ದವು.